ಓಪಿ ಚೀಟಿ ಎಣಿಸಿದರೆ ಆಸ್ಪತ್ರೆಯ ಲೆಕ್ಕ ಸಿಗುವುದಿಲ್ಲ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ವಾಚನಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಕೆಲವು ಕಡೆ ಸ್ವಲ್ಪ ಬೆಳೆಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಗ್ರಾಮಸಭೆಯಲ್ಲಿ ಆರೋಗ್ಯ ಕೇಂದ್ರದ ವಿಷಯ ಬಂತೆಂದರೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ‘ಇಷ್ಟು ದುಡ್ಡು ಹಾಕಿದ್ದೀರಿ, ಜನ ಎಷ್ಟು ಬಂದಿದ್ದಾರೆ?’ ಕೇಳುವುದು ಸರಿಯೇ. ದುಡ್ಡು ನಮ್ಮದು. ಆಗ ಓಪಿ ಚೀಟಿಯ, ಅಂದರೆ ಡಾಕ್ಟ್ರನ್ನು ಕಂಡು ಹೋಗುವ ಹೊರರೋಗಿಗಳ ಚೀಟಿಯ, ಲೆಕ್ಕ ಓದುತ್ತಾರೆ. ವರ್ಷದ ಖರ್ಚನ್ನು ಚೀಟಿಗಳ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ರೋಗಿಗೆ ಇಷ್ಟು ಅಂತ ಒಂದು ಅಂಕಿ ಸಿಗುತ್ತದೆ. ಅದು ಕಡಿಮೆ ಇದ್ದರೆ ಕೇಂದ್ರ ಚೆನ್ನಾಗಿ ನಡೆಯುತ್ತಿದೆ, ಜಾಸ್ತಿ ಇದ್ದರೆ ದುಡ್ಡು ಪೋಲಾಗುತ್ತಿದೆ ಅಂತ ತೀರ್ಮಾನ ಮಾಡುತ್ತೇವೆ.

ನನ್ನ ಕೆಲಸ ಲೆಕ್ಕಪತ್ರದ್ದು. ಆಸ್ಪತ್ರೆಗಳ ಖರ್ಚಿನ ಪುಸ್ತಕ ನೋಡುತ್ತಲೇ ಸರ್ವಿಸು ಕಳೆದವನು. ಆ ಪುಸ್ತಕಗಳನ್ನು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ಈ ಒಂದು ಅಂಕಿಯನ್ನು ನಂಬಿದರೆ ಒಳ್ಳೆಯ ಕೇಂದ್ರ ದುಬಾರಿಯಾಗಿ ಕಾಣುತ್ತದೆ, ಕೆಟ್ಟ ಕೇಂದ್ರ ಅಗ್ಗವಾಗಿ ಕಾಣುತ್ತದೆ. ಯಾಕೆಂದರೆ ರೋಗಿಯ ಜೇಬಿನಿಂದ ಹೋದ ದುಡ್ಡು ಆ ಪುಸ್ತಕದಲ್ಲಿ ಇರುವುದಿಲ್ಲ. ರೋಗಿ ಗುಣವಾದನೋ ಇಲ್ಲವೋ ಅನ್ನುವುದೂ ಇರುವುದಿಲ್ಲ.

ಮೊದಲು ನಮ್ಮಲ್ಲಿ ಏನೇನಿದೆ ಅಂತ ಬೇಗ ಹೇಳಿಬಿಡುತ್ತೇನೆ. ದೇಶದ ಲೆಕ್ಕದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಅಂದರೆ ನಾವು ಸಿ.ಎಚ್.ಸಿ. ಅನ್ನುವುದು. ಗುಡ್ಡಗಾಡಿನಲ್ಲಿ, ಬುಡಕಟ್ಟು ಜನ ಇರುವ ಕಡೆ ಇದು 3,000, 20,000, 80,000. ಸಿ.ಎಚ್.ಸಿ.ಯಲ್ಲಿ 30 ಹಾಸಿಗೆ, ಜೊತೆಗೆ ತಜ್ಞ ಡಾಕ್ಟ್ರು ಇರಬೇಕು. ಕೇರಳದಲ್ಲಿ 2017ರಲ್ಲಿ ಸರಕಾರಿ ಆಸ್ಪತ್ರೆಗಳನ್ನು ಸುಧಾರಿಸಲು ಆರ್ದ್ರಂ ಮಿಷನ್ ಬಂತು. ಪ್ರಾಥಮಿಕ ಕೇಂದ್ರಗಳು ಒಂದೊಂದಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಓಪಿ ಸಂಜೆಯವರೆಗೆ ನಡೆಯುವಂತಾಯಿತು. ನಮ್ಮದೇ ಜಿಲ್ಲೆಯ ಕಯ್ಯೂರಿನ ಕೇಂದ್ರ ರಾಷ್ಟ್ರಮಟ್ಟದ ಗುಣಮಟ್ಟ ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ತೆಗೆದು ದೇಶಕ್ಕೇ ಮೊದಲು ಬಂತು. ಕಾಸರಗೋಡನ್ನು ಹಿಂದುಳಿದ ಜಿಲ್ಲೆ ಅಂತ ಮಾತ್ರ ಹೇಳುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ ಬಹಳ ಮುಖ್ಯ. 1990ರ ದಶಕದಲ್ಲಿ, ಊರಿನ ಯೋಜನೆಯನ್ನು ಊರಿನವರೇ ಮಾಡುವ ಜನಕೀಯ ಯೋಜನೆಯ ಕಾಲದಲ್ಲಿ, ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯತಿನ ಕೈಗೆ ಕೊಟ್ಟರು. ಔಷಧಿ ಸಾಲದಿದ್ದರೆ ಪಂಚಾಯತು ತನ್ನ ಯೋಜನೆಯ ದುಡ್ಡಿನಿಂದ ತರಿಸಬಹುದು. ಸಂಜೆ ಓಪಿಗೆ ಡಾಕ್ಟ್ರನ್ನು ನೇಮಿಸಬಹುದು. ಆದ್ದರಿಂದ ಈ ಲೆಕ್ಕ ತಿರುವನಂತಪುರದ ಅಧಿಕಾರಿಗಳಿಗೆ ಬಿಟ್ಟದ್ದಲ್ಲ. ನಮ್ಮ ವಾರ್ಡ್ ಮೆಂಬರು ಕೈ ಎತ್ತುವ ಸಭೆಯಲ್ಲೇ ಇದು ನಿಶ್ಚಯವಾಗುತ್ತದೆ.

ಈಗ ಖರ್ಚಿಗೆ ಬರುತ್ತೇನೆ. ಚಂಡೀಗಢದ ಪಿ.ಜಿ.ಐ. ಎಂಬ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಉತ್ತರ ಭಾರತದ ಮೂರು ರಾಜ್ಯಗಳ ಕೇಂದ್ರಗಳಿಗೆ ಹೋಗಿ ಒಂದೊಂದು ಖರ್ಚನ್ನೂ ಬರೆದುಕೊಂಡರು. ಕಟ್ಟಡ, ಯಂತ್ರ, ಔಷಧಿ, ಕರೆಂಟು, ಸಂಬಳ, ಎಲ್ಲ. ಸಿಸ್ಟರ್ ಒಬ್ಬರ ದಿನದಲ್ಲಿ ಚುಚ್ಚುಮದ್ದಿಗೆ ಎಷ್ಟು ಹೊತ್ತು, ಬಸುರಿಯರ ತಪಾಸಣೆಗೆ ಎಷ್ಟು ಹೊತ್ತು ಅಂತಲೂ ಬಿಡಿಸಿದರು. 2016ರಲ್ಲಿ ಅದು ಪ್ರಕಟವಾಯಿತು. ಒಂದು ಪ್ರಾಥಮಿಕ ಕೇಂದ್ರಕ್ಕೆ ವರ್ಷಕ್ಕೆ ಸರಾಸರಿ 88 ಲಕ್ಷ ರೂಪಾಯಿ, ಒಂದು ಸಿ.ಎಚ್.ಸಿ.ಗೆ 2.69 ಕೋಟಿ. ಆ ಪ್ರದೇಶದ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 160-170 ರೂಪಾಯಿಯ ಆಸುಪಾಸು. ಅಂದಿನ ಬೆಲೆಯಲ್ಲಿ ಕೂಡ ಅದು ಒಂದು ದಿನದ ಕೂಲಿಗಿಂತ ಕಡಿಮೆ.

ಅದರಲ್ಲಿ ಒಂದು ಅಂಶ ನೋಡಿ. ಖರ್ಚಿನ ಅರ್ಧಕ್ಕಿಂತ ಜಾಸ್ತಿ ಹೋಗುವುದು ಸಂಬಳಕ್ಕೆ. ಹಾಗಾದರೆ ಒಂದು ಕೇಂದ್ರದಲ್ಲಿ ಡಾಕ್ಟ್ರ ಹುದ್ದೆ ಖಾಲಿ ಬಿದ್ದರೆ ಏನಾಗುತ್ತದೆ? ಖರ್ಚು ಇಳಿಯುತ್ತದೆ. ಇರುವ ಒಬ್ಬ ಡಾಕ್ಟ್ರು ಎರಡು ನಿಮಿಷಕ್ಕೊಬ್ಬರಂತೆ ನೋಡುತ್ತಾರೆ. ಚೀಟಿ ಅಷ್ಟೇ ಇರುತ್ತದೆ, ಖರ್ಚು ಮಾತ್ರ ಕಡಿಮೆ. ಕಾಗದದ ಮೇಲೆ ಆ ಕೇಂದ್ರ ಬಹಳ ಚೆನ್ನಾಗಿ ನಡೆಯುತ್ತಿದೆ! ಖಾಲಿ ಹುದ್ದೆಯ ಬಗ್ಗೆ ನಾವು ಗಡಿನಾಡಿನವರು ಎಷ್ಟು ಕಾಲದಿಂದ ಅರ್ಜಿ ಕೊಡುತ್ತಿದ್ದೇವೆ. ಖಾಲಿ ಹುದ್ದೆಯನ್ನೇ ಉಳಿತಾಯ ಅಂತ ತೋರಿಸುವ ಲೆಕ್ಕವನ್ನು ನಾವೇ ಒಪ್ಪಿಕೊಂಡರೆ ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳುವ. ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ಕೇಂದ್ರದ್ದೂ ಅಲ್ಲ. ಎರಡು ಕೇಂದ್ರಗಳಿವೆ. ಎರಡಕ್ಕೂ ವರ್ಷಕ್ಕೆ ಒಂದು ಕೋಟಿ ಖರ್ಚು. ಒಂದನೆಯದರಲ್ಲಿ 50,000 ಚೀಟಿ, ಎರಡನೆಯದರಲ್ಲಿ 30,000. ಒಂದನೆಯದರಲ್ಲಿ ಒಂದು ಚೀಟಿಗೆ 200 ರೂಪಾಯಿ ಬಿತ್ತು. ಎರಡನೆಯದರಲ್ಲಿ 333. ಸಭೆಯಲ್ಲಿ ಬೈಗುಳ ಯಾರಿಗೆ ಸಿಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಈಗ ಒಳಗೆ ಹೋಗಿ ನೋಡಿ. ಒಂದನೆಯ ಕೇಂದ್ರದಲ್ಲಿ ಬಿಪಿ, ಶುಗರಿನ ಮಾತ್ರೆಯನ್ನು ಐದು ದಿನಕ್ಕೆ ಮಾತ್ರ ಕೊಡುತ್ತಾರೆ. ಸ್ಟಾಕು ಸಾಲದು ಅಂತ ಕಾರಣ. ಎರಡನೆಯದರಲ್ಲಿ ಒಂದು ತಿಂಗಳಿಗೆ ಕೊಡುತ್ತಾರೆ. ಒಂದನೆಯದಕ್ಕೆ ಜನ ಮತ್ತೆ ಮತ್ತೆ ಬರಲೇಬೇಕು. ಚೀಟಿ ಏರಿದ್ದು ಹಾಗೆ. ಒಂದು ಸಲ ಬರಲು ಬಸ್ಸಿನ ದುಡ್ಡು, ಚಹಾದ ದುಡ್ಡು, ಅರ್ಧ ದಿನದ ಕೂಲಿ, ಎಲ್ಲ ಸೇರಿ 300 ರೂಪಾಯಿ ಅಂತ ಇಟ್ಟುಕೊಳ್ಳಿ. 50,000 ಸಲ ಬಂದರೆ ಜನರ ಜೇಬಿನಿಂದ ಒಂದೂವರೆ ಕೋಟಿ ಹೋಯಿತು. 30,000 ಸಲಕ್ಕೆ 90 ಲಕ್ಷ. ಸರಕಾರದ ಖರ್ಚು, ಜನರ ಖರ್ಚು ಎರಡನ್ನೂ ಕೂಡಿಸಿ. ಒಂದನೆಯದು ಎರಡೂವರೆ ಕೋಟಿ. ಎರಡನೆಯದು ಒಂದು ಕೋಟಿ 90 ಲಕ್ಷ. ಅಗ್ಗ ಅಂದುಕೊಂಡದ್ದು 60 ಲಕ್ಷ ದುಬಾರಿಯಾಯಿತು. ಮಾಡಿದ್ದು ಇಷ್ಟೇ, ಪೈವಳಿಕೆಯಿಂದಲೋ ಬೆಳ್ಳೂರಿನಿಂದಲೋ ಬಸ್ಸು ಹತ್ತಿ ಬಂದವರ ದುಡ್ಡನ್ನೂ ದುಡ್ಡು ಅಂತ ಎಣಿಸಿದೆವು.

ಇದು ಸಣ್ಣ ವಿಷಯ ಅಲ್ಲ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಕೈಯಿಂದ ಹಾಕುವ ಪಾಲು 2004-05ರಲ್ಲಿ ನೂರಕ್ಕೆ 69ರಷ್ಟಿತ್ತು. 2021-22ರಲ್ಲಿ ಅದು 39.4ಕ್ಕೆ ಇಳಿದಿದೆ ಅಂತ ಸರಕಾರದ ಲೆಕ್ಕ. ಕೇರಳದಲ್ಲಿ ಈ ಪಾಲು ದೇಶದ ಸರಾಸರಿಗಿಂತ ಜಾಸ್ತಿ. ಶಿಶು ಮರಣದಂಥ ಅಂಕಿಗಳಲ್ಲಿ ನಾವು ಮುಂದೆ ಇದ್ದೇವೆ, ನಿಜ. 1985ರಲ್ಲೇ ರಾಕ್‌ಫೆಲರ್ ಫೌಂಡೇಶನ್ನಿನವರು ಚೀನಾ, ಶ್ರೀಲಂಕಾ, ಕೋಸ್ಟರೀಕಾಗಳ ಜೊತೆ ಕೇರಳವನ್ನೂ ಇಟ್ಟು, ಕಡಿಮೆ ಖರ್ಚಿನಲ್ಲಿ ಒಳ್ಳೆಯ ಆರೋಗ್ಯ ಪಡೆದ ನಾಡು ಅಂತ ಹೊಗಳಿದ್ದರು. ಆದರೆ ಇವತ್ತು ನಮ್ಮ ಮನೆಗಳಲ್ಲಿ ಔಷಧಿಗೆ, ಸ್ಕ್ಯಾನಿಂಗಿಗೆ ಹೋಗುವ ದುಡ್ಡು ನೋಡಿದರೆ ಆ ‘ಕಡಿಮೆ ಖರ್ಚು’ ಯಾರಿಗೆ ಕಡಿಮೆ ಅಂತ ಕೇಳಬೇಕು.

ಖರ್ಚಿನ ಮಾತು ಆಯಿತು. ಫಲವನ್ನು ಅಳೆಯುವುದು ಇನ್ನೂ ಕಷ್ಟ.

ಬಿಪಿಯನ್ನೇ ತೆಗೆದುಕೊಳ್ಳಿ. ಎಷ್ಟು ಜನರ ಬಿಪಿ ನೋಡಿದಿರಿ ಅನ್ನುವುದು ಫಲ ಅಲ್ಲ. ಎಷ್ಟು ಮಾತ್ರೆ ಹಂಚಿದಿರಿ ಅನ್ನುವುದೂ ಅಲ್ಲ. ಬಿಪಿ ಹಿಡಿತಕ್ಕೆ ಬಂತೋ ಅನ್ನುವುದು ಫಲ. 2017ರಲ್ಲಿ ಐದು ರಾಜ್ಯಗಳಲ್ಲಿ ಶುರುವಾದ ರಾಷ್ಟ್ರೀಯ ಬಿಪಿ ನಿಯಂತ್ರಣ ಕಾರ್ಯಕ್ರಮದಲ್ಲಿ ಕೇರಳವೂ ಇತ್ತು. ಅದರಲ್ಲಿ ಅಳತೆ ಬಹಳ ಸರಳ. ಹೆಸರು ನೋಂದಾಯಿಸಿದವರಲ್ಲಿ ಎಷ್ಟು ಮಂದಿ ಕಳೆದ ಮೂರು ತಿಂಗಳಲ್ಲಿ ಬಂದಿದ್ದಾರೆ, ಕೊನೆಯ ಸಲ ನೋಡಿದಾಗ ಅವರ ಬಿಪಿ 140/90ಕ್ಕಿಂತ ಕೆಳಗಿತ್ತೋ. ಬಾರದೆ ಉಳಿದವರನ್ನು ಹಿಡಿತಕ್ಕೆ ಬಾರದವರ ಜೊತೆಗೇ ಎಣಿಸುತ್ತಾರೆ. ಇದು ನನಗೆ ಬಹಳ ಇಷ್ಟವಾದ ನಿಯಮ. ಬಾರದವರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಕೇಂದ್ರವೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮ ಎರಡು ಕೇಂದ್ರಗಳಿಗೆ ಇದನ್ನು ಹಾಕಿ ನೋಡುವ. ಎರಡರಲ್ಲೂ 1,000 ಜನ ಬಿಪಿಗೆ ಹೆಸರು ಕೊಟ್ಟಿದ್ದಾರೆ. ಇಬ್ಬರೂ ಬಿಪಿ ಕೆಲಸಕ್ಕೆ 20 ಲಕ್ಷ ಹಾಕಿದ್ದಾರೆ. ಒಂದನೆಯದರಲ್ಲಿ 300 ಜನರ ಬಿಪಿ ಹಿಡಿತಕ್ಕೆ ಬಂತು. ತಲೆಗೆ 6,667 ರೂಪಾಯಿ. ಎರಡನೆಯದರಲ್ಲಿ 600 ಜನ. ತಲೆಗೆ 3,333. ಚೀಟಿ ಲೆಕ್ಕದಲ್ಲಿ ಸೋತ ಕೇಂದ್ರ ಇಲ್ಲಿ ಅರ್ಧ ಬೆಲೆಗೆ ಕೆಲಸ ಮಾಡಿದೆ.

ಬಿಪಿ, ಶುಗರು ಹಿಡಿತ ತಪ್ಪಿದರೆ ಕಿಡ್ನಿ ಹೋಗುತ್ತದೆ, ಪಾರ್ಶ್ವವಾಯು ಬಡಿಯುತ್ತದೆ. ಕಿಡ್ನಿ ಹೋದವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕು, ಅದೂ ಬದುಕಿರುವವರೆಗೆ. ಬಿಪಿ ಮಾತ್ರೆಯ ಬೆಲೆ ಅದರ ಮುಂದೆ ಏನೇನೂ ಅಲ್ಲ. ಹಾಗಂತ ಡಯಾಲಿಸಿಸ್ ನಿಲ್ಲಿಸಿ ಆ ದುಡ್ಡನ್ನು ಮಾತ್ರೆಗೆ ಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಸಿಗೆಯಲ್ಲಿ ಇರುವ ಮನುಷ್ಯನನ್ನು ಕೈಬಿಡುವುದಕ್ಕೆ ಲೆಕ್ಕವನ್ನು ಬಳಸಬಾರದು. ಹೊಸದಾಗಿ ಬರುವ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವಾಗ ಬಳಸಬೇಕು.

ಈ ‘ಹೊಸದಾಗಿ’ ಅನ್ನುವುದೇ ಆರೋಗ್ಯದ ಅರ್ಥಶಾಸ್ತ್ರದವರು ಕೇಳುವ ಮುಖ್ಯ ಪ್ರಶ್ನೆ. ಇಡೀ ಆಸ್ಪತ್ರೆ ಬೇಕೋ ಬೇಡವೋ ಅಂತ ಅವರು ಕೇಳುವುದಿಲ್ಲ. ಇನ್ನಷ್ಟು ದುಡ್ಡು ಹಾಕಿದರೆ ಇನ್ನೆಷ್ಟು ಫಲ ಸಿಗುತ್ತದೆ ಅಂತ ಕೇಳುತ್ತಾರೆ. ಸಂಜೆ ಓಪಿಗೆ ಪಂಚಾಯತು ವರ್ಷಕ್ಕೆ 15 ಲಕ್ಷ ಹಾಕಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ 40 ಜನ, ವರ್ಷಕ್ಕೆ 300 ದಿನ. 12,000 ಜನ ಆಯಿತು. ತಲೆಗೆ 125 ರೂಪಾಯಿ. ತೋಟದ ಕೆಲಸ ಮುಗಿಸಿ, ಬೀಡಿ ಕೊಟ್ಟು ಬಂದು, ಕೂಲಿ ತಪ್ಪಿಸಿಕೊಳ್ಳದೆ ಡಾಕ್ಟ್ರನ್ನು ಕಾಣಲು 125 ರೂಪಾಯಿ. ಉಳಿದ ಕೂಲಿಯನ್ನು ಎದುರು ಇಟ್ಟರೆ ಸಂಜೆ ಓಪಿ ದುಂದು ಅಂತ ಹೇಳಲು ಬಾಯಿ ಬರುವುದಿಲ್ಲ.

ಬೇರೆ ಬೇರೆ ರೋಗಗಳನ್ನು ಒಂದೇ ಅಳತೆಗೆ ತರಲು ಪಂಡಿತರು ಒಂದು ದಾರಿ ಮಾಡಿದ್ದಾರೆ. ಪೂರ್ತಿ ಆರೋಗ್ಯದಲ್ಲಿ ಕಳೆದ ಒಂದು ವರ್ಷಕ್ಕೆ 1 ಅಂಕ, ಸಾವಿಗೆ 0. ನೋವಿನಲ್ಲಿ, ಹಾಸಿಗೆಯಲ್ಲಿ ಕಳೆದ ವರ್ಷಕ್ಕೆ ನಡುವಿನ ಯಾವುದೋ ಅಂಕ. ಇದನ್ನು ಕ್ವಾಲಿ ಅನ್ನುತ್ತಾರೆ. ಅಂಕ ಕೊಡಲು ಐದು ವಿಷಯ ಕೇಳುತ್ತಾರೆ: ನಡೆದಾಡಲು ಆಗುತ್ತದೋ, ಸ್ನಾನ ಬಟ್ಟೆ ನೀವೇ ಮಾಡಿಕೊಳ್ಳುತ್ತೀರೋ, ದಿನದ ಕೆಲಸ ಸಾಗುತ್ತದೋ, ನೋವಿದೆಯೋ, ಚಿಂತೆ ಬೇಸರ ಇದೆಯೋ. ಒಂದು ಕ್ವಾಲಿ ಗಳಿಸಲು 20,000ದಿಂದ 30,000 ಪೌಂಡಿನವರೆಗೆ ಹಾಕಬಹುದು ಅಂತ ಯಾವ ಚಿಕಿತ್ಸೆಗೆ ಸರಕಾರ ದುಡ್ಡು ಹಾಕಬೇಕು ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ ಬಹಳ ವರ್ಷ ಗೆರೆ ಇಟ್ಟುಕೊಂಡಿತ್ತು. ನಮ್ಮ ದೇಶದಲ್ಲೂ 2017ರಿಂದ ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ ಇಂಥ ಲೆಕ್ಕ ನಡೆಯುತ್ತಿದೆ.

ಹೊಸ ಔಷಧಿ, ಹೊಸ ಲಸಿಕೆ ಕೊಳ್ಳಬೇಕೋ ಬೇಡವೋ ಅನ್ನುವುದಕ್ಕೆ ಇದು ಒಳ್ಳೆಯ ಸಾಧನ. ಆದರೆ ಊರಿನ ಆರೋಗ್ಯ ಕೇಂದ್ರಕ್ಕೆ ಇದೊಂದೇ ಸಾಲದು. ಗುಣವಾಗದ ರೋಗಿಗಳ ನೋವು ಇಳಿಸುವ ಪಾಲಿಯೇಟಿವ್ ಸಿಸ್ಟರು ಮನೆಮನೆಗೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. 2008ರಲ್ಲಿ ಕೇರಳ ಇದಕ್ಕೊಂದು ನೀತಿಯನ್ನೇ ಮಾಡಿತು. ಅವರು ಹುಣ್ಣು ತೊಳೆಯುತ್ತಾರೆ, ಮೂತ್ರದ ಟ್ಯೂಬು ಬದಲಿಸುತ್ತಾರೆ, ನೋವಿನ ಮದ್ದು ಕೊಡುತ್ತಾರೆ, ಸ್ವಲ್ಪ ಹೊತ್ತು ಕೂತು ಮಾತಾಡುತ್ತಾರೆ. ರೋಗಿಯ ಆಯುಸ್ಸು ಬೆಳೆಯುವುದಿಲ್ಲ. ಕ್ವಾಲಿಯಲ್ಲಿ ಅಂಕ ಬಹಳ ಕಡಿಮೆ ಬರುತ್ತದೆ. ಆದರೆ ಆ ಮನೆಯ ಮಗಳು ಧೈರ್ಯದಿಂದ ಕೆಲಸಕ್ಕೆ ಹೋದಳು, ಟ್ಯೂಬು ಬದಲಿಸಲು ಜೀಪು ಮಾಡಿಕೊಂಡು ಪೇಟೆಗೆ ಹೋಗುವುದು ತಪ್ಪಿತು. ಅಳತೆಯಲ್ಲಿ ಇದಕ್ಕೆ ಜಾಗ ಇಲ್ಲದಿದ್ದರೆ ಅಳತೆಯನ್ನೇ ದೊಡ್ಡದು ಮಾಡಬೇಕು.

ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. 1960ರ ದಶಕದಲ್ಲಿ ಅಲ್ಲಿ ಬಡವರಿಗಾಗಿ ಸಮುದಾಯ ಆರೋಗ್ಯ ಕೇಂದ್ರಗಳು ಶುರುವಾದವು. ಅದಕ್ಕೆ ಮುಂದೆ ನಿಂತ ಡಾ. ಜ್ಯಾಕ್ ಗೈಗರ್ ಮಿಸಿಸಿಪ್ಪಿಯ ಮೌಂಡ್ ಬೈಯು ಎಂಬ ಊರಿನಲ್ಲಿ ಹಸಿದ ಮಕ್ಕಳನ್ನು ನೋಡಿದರು. ಅವರ ಕೇಂದ್ರದಿಂದ ಮದ್ದಿನ ಚೀಟಿಯಲ್ಲಿ ಊಟದ ಸಾಮಾನು ಬರೆದುಕೊಟ್ಟರು. ಅಂಗಡಿಯವರು ಬಿಲ್ಲನ್ನು ಕೇಂದ್ರದ ಔಷಧಿ ಖಾತೆಗೆ ಕಳಿಸಿದರು. ಮೇಲಿನವರು ಆಕ್ಷೇಪ ಎತ್ತಿದಾಗ ಗೈಗರ್ ಹೇಳಿದ್ದು, ಅಪೌಷ್ಟಿಕತೆಗೆ ಪುಸ್ತಕದಲ್ಲಿ ಇರುವ ಮದ್ದು ಆಹಾರವೇ ಅಂತ. ಆ ಕೇಂದ್ರದವರು ಬಾವಿ ತೋಡಿಸಿದರು, ಸಹಕಾರಿ ಬೇಸಾಯ ಮಾಡಿಸಿದರು. ಲೆಕ್ಕದವನಾಗಿ ನನಗೆ ಇದು ಮುಖ್ಯ. ಬಾವಿಯ ಖರ್ಚು ಆರೋಗ್ಯದ ಖರ್ಚೋ ಅಲ್ಲವೋ? ಬೇರೆ ಖಾತೆಗೆ ಹಾಕಿದರೆ ಕೇಂದ್ರ ಅಗ್ಗ. ಇದೇ ಖಾತೆಗೆ ಹಾಕಿದರೆ ದುಬಾರಿ. ವಾಂತಿ ಭೇದಿ ಕಡಿಮೆಯಾದದ್ದು ಎರಡರಲ್ಲೂ ಒಂದೇ.

ಇದು ಹಳೆಯ ಕಥೆ, ದೂರದ ಕಥೆ ಅನ್ನಬೇಡಿ. ನಮ್ಮ ಪಕ್ಕದ ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಹಾಗೆ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ತಗಲುವುದು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಗಿತ್ತು. ಅಕ್ಕಿ ಬೇಳೆಯಿಂದ! ಟಿಬಿ ತಡೆಯುವ ಖರ್ಚಿನ ಲೆಕ್ಕದಲ್ಲಿ ರೇಷನ್ ಅಂಗಡಿಯನ್ನೂ ಸೇರಿಸಬೇಕು ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯ ಇಲ್ಲ.

ಡೆಂಗ್ಯೂವಿನಲ್ಲೂ ಹೀಗೆಯೇ. ಈಡಿಸ್ ಸೊಳ್ಳೆಗೆ ಸ್ವಲ್ಪ ನೀರು ಸಾಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರು, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲಿ ನಿಂತ ನೀರು. ಮೊಟ್ಟೆಯಿಂದ ಸೊಳ್ಳೆ ಆಗಲು ಸುಮಾರು ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಂದು ದಿನ ನೀರು ಚೆಲ್ಲಿ ಒಣಗಿಸಿ ಅಂತ ಹೆಲ್ತ್ ಇನ್‌ಸ್ಪೆಕ್ಟರು, ಆಶಾ ಕಾರ್ಯಕರ್ತೆಯರು ತೋಟ ತೋಟ ತಿರುಗುವುದು. ಅವರ ಕೆಲಸ ಚೆನ್ನಾಗಿ ಆದರೆ ಜ್ವರದ ರೋಗಿಗಳು ಕಡಿಮೆ ಬರುತ್ತಾರೆ. ಚೀಟಿ ಕಡಿಮೆಯಾಗುತ್ತದೆ. ಆಗ ಚೀಟಿಯೊಂದರ ಖರ್ಚು ಏರುತ್ತದೆ!

ಆಶಾ ಕಾರ್ಯಕರ್ತೆಯರ ಮಾತು ಬಂತು. ಊರಿನ ಆರೋಗ್ಯ ಕೆಲಸಗಳು ಕಡಿಮೆ ಖರ್ಚಿನಲ್ಲಿ ಜಾಸ್ತಿ ಫಲ ಕೊಡುತ್ತವೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಕಡಿಮೆ ಖರ್ಚಿನ ಒಂದು ಭಾಗ ಆ ಹೆಂಗಸರಿಗೆ ಕೊಡದೆ ಉಳಿಸಿದ ದುಡ್ಡು. 2025ರ ಫೆಬ್ರವರಿ 10ರಿಂದ ಅವರು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಹಗಲು ರಾತ್ರಿ ಕೂತದ್ದು ನಿಮಗೆ ಗೊತ್ತಿದೆ. ಆಗ ಗೌರವಧನ ತಿಂಗಳಿಗೆ 7,000 ರೂಪಾಯಿ. ಕೇಳಿದ್ದು 21,000. ಲೆಕ್ಕ ಬರೆಯುವವರು ಇಲ್ಲಿ ಪ್ರಾಮಾಣಿಕರಾಗಿರಬೇಕು. ಕೊಟ್ಟದ್ದನ್ನು ಮಾತ್ರ ಬರೆಯುವುದು ತಪ್ಪು. ಆ ಕೆಲಸಕ್ಕೆ ಸರಿಯಾದ ಕೂಲಿ ಎಷ್ಟೋ ಅಷ್ಟನ್ನು ಖರ್ಚು ಅಂತ ಬರೆಯಬೇಕು. ಆಗಲೂ ಈ ಕೆಲಸ ಲಾಭದ್ದೇ ಅನ್ನುವುದು ನನ್ನ ನಂಬಿಕೆ.

ಕಾಸರಗೋಡಿನಲ್ಲಿ ನಿಂತು ಆರೋಗ್ಯದ ಲೆಕ್ಕ ಮಾತಾಡುವಾಗ ಎಣ್ಮಕಜೆ ಪಂಚಾಯತಿನ ಪಡ್ರೆಯನ್ನು ಬಿಡಲಾಗದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ತೋಟದ ಲೆಕ್ಕದಲ್ಲಿ ಅದು ಮದ್ದಿನ ಖರ್ಚು, ಹೆಲಿಕಾಪ್ಟರಿನ ಖರ್ಚು, ಅಷ್ಟೇ. ಬಾಕಿ ಖರ್ಚೆಲ್ಲ ಸ್ವರ್ಗ, ವಾಣಿನಗರ, ಬೆಳ್ಳೂರು, ಕುಂಬ್ಡಾಜೆಯ ಮನೆಗಳ ಮೇಲೆ ಬಿತ್ತು. ಎಷ್ಟೋ ಮನೆಗಳಲ್ಲಿ ತಾಯಂದಿರು ಇವತ್ತಿಗೂ ಮಲಗಿದ ಮಕ್ಕಳ ಪಕ್ಕ ಕೂತಿದ್ದಾರೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. 2022ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಇದು ಮೊದಲು ಹೇಗೆ ಗೊತ್ತಾಯಿತು? ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಗಮನಿಸಿದರು. ಅದೇ ಊರಿನಲ್ಲಿ ವರ್ಷಗಟ್ಟಲೆ ಇದ್ದವರು. ಮನೆಮನೆಯ ಪರಿಚಯ ಇದ್ದವರು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬಗೆಯ ಕಾಯಿಲೆ ಯಾಕೆ ಅಂತ ಕೇಳಿದರು, ಬರೆದರು. ಪ್ರತಿ ವರ್ಷ ವರ್ಗವಾಗಿ ಹೋಗುವ ಡಾಕ್ಟ್ರಿಗೆ ಇದು ಕಾಣುವುದಿಲ್ಲ. ಒಬ್ಬ ಡಾಕ್ಟ್ರು, ಒಬ್ಬ ಸಿಸ್ಟರು ಒಂದೇ ಕಡೆ ಹೆಚ್ಚು ಕಾಲ ನಿಲ್ಲುವುದರ ಬೆಲೆಯನ್ನು ಯಾವ ಖರ್ಚಿನ ಪುಸ್ತಕವೂ ಬರೆಯುವುದಿಲ್ಲ. ಆದರೆ ಪಡ್ರೆಯ ವಿಷಯದಲ್ಲಿ ಅದು ಎಲ್ಲಕ್ಕಿಂತ ಬೆಲೆಬಾಳುವ ಕೆಲಸವಾಗಿತ್ತು.

ಮುಂದೆ 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನು ಪರೀಕ್ಷೆ ಮಾಡಿದರು. ಪಡ್ರೆಯ ಮಕ್ಕಳನ್ನು ಮಾತ್ರ ನೋಡಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ. ಅವರು ಮೀಂಜ ಪಂಚಾಯತಿನ ಮಕ್ಕಳನ್ನೂ ನೋಡಿದರು. ಜನ ಅದೇ ಬಗೆಯವರು, ಅದೇ ಊಟ, ಅದೇ ಮಳೆ. ಮೇಲಿನಿಂದ ಮದ್ದು ಬಿದ್ದದ್ದು ಪಡ್ರೆಯಲ್ಲಿ ಮಾತ್ರ. ಆಗ ವ್ಯತ್ಯಾಸ ಕಂಡಿತು. ಆರೋಗ್ಯ ಕೇಂದ್ರದ ಫಲ ಅಳೆಯುವುದಕ್ಕೂ ಇದೇ ಕ್ರಮ. ಕೇಂದ್ರ ಇರುವ ಕಡೆ ಹೇಗಿದೆ, ಇಲ್ಲದ ಕಡೆ ಹೇಗಿದೆ, ಎರಡೂ ಬೇಕು. ಇಲ್ಲದಿದ್ದರೆ ತಾನಾಗಿಯೇ ಆದ ಒಳ್ಳೆಯದನ್ನೂ ಕೇಂದ್ರದ ಹೆಸರಿಗೆ ಬರೆದುಕೊಳ್ಳುತ್ತೇವೆ, ಕೇಂದ್ರ ತಡೆದ ಕೆಟ್ಟದ್ದನ್ನು ಬರೆಯಲು ಮರೆಯುತ್ತೇವೆ.

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಕೊರಗ ಬುಡಕಟ್ಟಿನವರ ಕಾಲನಿಗೆ ಹೋಗಿ ಒಬ್ಬ ಬಸುರಿಯನ್ನು ನೋಡಿ ಬರಲು ಪೇಟೆಯಲ್ಲಿ ಐದು ಜನರನ್ನು ನೋಡುವಷ್ಟು ಹೊತ್ತು ಬೇಕು. ಸರಾಸರಿ ಇಳಿಸಬೇಕು ಅನ್ನುವವರಿಗೆ ಸುಲಭದ ದಾರಿ ಕಾಲನಿಗೆ ಹೋಗದಿರುವುದು. ಭಾಷೆಯಲ್ಲೂ ಅಷ್ಟೇ. ತೆಂಕು ಜಿಲ್ಲೆಗಳಿಂದ ಬಂದ ಡಾಕ್ಟ್ರಿಗೆ ಕನ್ನಡ, ತುಳು ಬರುವುದಿಲ್ಲ. ನಮ್ಮ ಅಜ್ಜಿಯಂದಿರಿಗೆ ಮಲಯಾಳ ಬರುವುದಿಲ್ಲ. ಯಾವ ಮಾತ್ರೆ ಬೆಳಗ್ಗೆ, ಯಾವುದು ರಾತ್ರಿ ಅಂತ ಅರ್ಥವಾಗದೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಸರಕಾರದ ಖರ್ಚು ಪೂರ್ತಿ ಆಯಿತು, ಚೀಟಿಯೂ ಆಯಿತು, ಫಲ ಸೊನ್ನೆ. ಆದ್ದರಿಂದ ಬಿಪಿ ಹಿಡಿತದ ಅಂಕಿಯನ್ನು ವಾರ್ಡುವಾರು ಕೇಳಿ, ಮನೆಮಾತಿನ ಪ್ರಕಾರ ಕೇಳಿ, ಕಾಲನಿಗಳಿಗೆ ಬೇರೆ ಕೇಳಿ. ಎಲ್ಲಿ ಕಡಿಮೆ ಇದೆಯೋ ಅಲ್ಲಿಗೆ ಕನ್ನಡ, ತುಳು ಗೊತ್ತಿರುವ ಸಿಸ್ಟರನ್ನು ಹಾಕುವುದು ಎಷ್ಟು ದುಡ್ಡಿನ ಕೆಲಸ? ಹೊಸ ಯಂತ್ರಕ್ಕಿಂತ ಖಂಡಿತ ಕಡಿಮೆ.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟು. ಆಮೇಲೆ ಬಂದ ಪ್ರಶ್ನೆಗಳು ಇವು.

ಹಿರಿಯರೊಬ್ಬರು ಕೇಳಿದರು: ‘ನೀವು ಹೇಳುವುದೆಲ್ಲ ಸರಿ ಮಾರಾಯ್ರೆ. ಆದರೆ ಸ್ವಲ್ಪ ಜೋರಾದರೆ ಎಲ್ಲರೂ ಓಡುವುದು ಮಂಗಳೂರಿಗೆ. ಇಲ್ಲಿ ಸಿ.ಎಚ್.ಸಿ.ಗೆ ಕೋಟಿ ಕೋಟಿ ಹಾಕಿ ಏನು ಪ್ರಯೋಜನ?’

ಮಂಗಳೂರು ನಮಗೆ ಬೇಕು, ಅಣ್ಣ. ಇವತ್ತಿಗೂ ಬೇಕು. ಆದರೆ 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಏನಾಯಿತು ಅಂತ ನೀವೇ ನೋಡಿದ್ದೀರಿ. ಆಂಬ್ಯುಲೆನ್ಸುಗಳು ಹಿಂದೆ ಬಂದವು. ಡಯಾಲಿಸಿಸ್‌ನವರು, ಹೃದಯದ ರೋಗಿಗಳು ಇಲ್ಲೇ ಉಳಿದರು. ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಿ ಅಂತ ಹೇಳಬೇಕಾಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆಗ ಅವಸರದಲ್ಲಿ ಕೊರೋನಾ ಆಸ್ಪತ್ರೆ ಮಾಡಿದರು. ಟಾಟಾದವರು ತೆಕ್ಕಿಲಿನಲ್ಲಿ ಆಸ್ಪತ್ರೆ ಕಟ್ಟಿ ಸೆಪ್ಟೆಂಬರಿನಲ್ಲಿ ಒಪ್ಪಿಸಿದರು. ಮೊದಲೇ ಇಲ್ಲಿ ವ್ಯವಸ್ಥೆ ಇದ್ದಿದ್ದರೆ ಇಷ್ಟು ಅವಸರ ಬೇಕಾಗುತ್ತಿರಲಿಲ್ಲ. ಇನ್ನೊಂದು, ಮಂಗಳೂರಿಗೆ ಒಂದು ಸಲ ಹೋಗಿ ಬರಲು ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತು. ರೋಗಿಯ ಜೊತೆ ಒಬ್ಬರು ಬೇಕು, ಅವರ ಕೂಲಿಯೂ ಹೋಯಿತು. ಸಿ.ಎಚ್.ಸಿ.ಯಲ್ಲಿ ಸರಿಯಾಗಿ ಹೆರಿಗೆ ನಡೆದರೆ, ಎಕ್ಸ್‌ರೇ ಸಿಕ್ಕಿದರೆ, ತಪ್ಪಿದ ಅಂಥ ಪ್ರಯಾಣಗಳೆಲ್ಲ ಆ ಕೇಂದ್ರದ ಸಂಪಾದನೆ ಅಂತ ಬರೆಯಬೇಕು. ಮಂಗಳೂರಿಗೆ ಹೋಗಲೇಬೇಕಾದವರು ಯಾರು, ಇಲ್ಲಿ ಡಾಕ್ಟ್ರು ಇಲ್ಲದ್ದಕ್ಕೆ ಹೋದವರು ಯಾರು, ಇದನ್ನು ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಸಿಗುತ್ತದೆ.

ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಒಬ್ಬರು ಅಕ್ಕ ಕೇಳಿದರು: ‘ಈ ಲೆಕ್ಕ ಮಾಡುವವರು ಯಾರು? ನಮ್ಮಿಂದ ಆಗುವ ಕೆಲಸವಾ ಇದು?’

ಆಗುತ್ತದೆ ಅಕ್ಕ. ದೊಡ್ಡ ಸಂಶೋಧನೆ ಬೇಡ. ಮನೆಗೆ ಹೋಗಿ ನಾಲ್ಕು ವಿಷಯ ಕೇಳಿದರೆ ಸಾಕು. ಕಳೆದ ಮೂರು ತಿಂಗಳಲ್ಲಿ ಯಾರಿಗೆ ಹುಷಾರಿರಲಿಲ್ಲ, ಎಲ್ಲಿಗೆ ಹೋದರು. ಬಸ್ಸು, ಆಟೋ, ಔಷಧಿ, ತಪ್ಪಿದ ಕೂಲಿ ಸೇರಿ ಎಷ್ಟಾಯಿತು. ಸರಕಾರಿ ಕೇಂದ್ರ ಬಿಟ್ಟು ಬೇರೆ ಕಡೆ ಹೋಗಿದ್ದರೆ ಯಾಕೆ. ಬಿಪಿ, ಶುಗರ್ ಇದ್ದವರ ಪುಸ್ತಕದಲ್ಲಿ ಕೊನೆಯ ಅಂಕಿ ಎಷ್ಟು. ಹೆಸರು ಬರೆಯುವುದು ಬೇಡ, ಮನೆಯ ಗುಟ್ಟು ಮನೆಯಲ್ಲೇ ಇರಲಿ. ಕೇಳಲು ಹೋದವರಿಗೆ ಪಂಚಾಯತು ದಿನದ ಕೂಲಿ ಕೊಡಬೇಕು, ಇದನ್ನು ಸೇವೆ ಅಂತ ಸುಮ್ನೆ ಮಾಡಿಸಬಾರದು. ಬಂದ ಉತ್ತರವನ್ನು ಕೇಂದ್ರದ ಖರ್ಚಿನ ಪಟ್ಟಿಯ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಓದಬೇಕು. ಮೊದಲ ಸಲ ಎಲ್ಲ ವಾರ್ಡುಗಳಲ್ಲಿ ಬೇಡ. ಎರಡು ವಾರ್ಡು ಸಾಕು: ಕೇಂದ್ರದ ಹತ್ತಿರದ್ದು ಒಂದು, ಬಸ್ಸು ಹೋಗದ ಕಡೆಯದ್ದು ಒಂದು.